ಮಾಡಿ ನೋಡಿದವರ ತಾಣಗಳಿಗೆ ದಾರಿ: ಮಾರ್ಜಿನೇಲಿಯಾ ಸರ್ಚ್

ಕೀಬೋರ್ಡಿನ ಒಂದು ಕೀಲಿಯನ್ನು ಒಮ್ಮೆ ಒತ್ತಿದರೆ ಎರಡು ಅಕ್ಷರಗಳು ಏಕೆ ಮೂಡುತ್ತಿವೆ ಎಂದು ತಿಳಿಯಲು ಹೊರಟಾಗ ನಾನು ಮಾರ್ಜಿನೇಲಿಯಾ ಸರ್ಚ್ ಎಂಬ ಸರ್ಚ್ ಎಂಜಿನನ್ನು ಮೊದಲ ಬಾರಿಗೆ ಗಂಭೀರವಾಗಿ ಬಳಸಿದೆ. ಅದಕ್ಕೆ ಮುನ್ನ ಬೇರೆಡೆ ಹುಡುಕಿದಾಗ ಸಿಕ್ಕಿದ್ದು ಕೀಬೋರ್ಡ್ ಮಾರುವ ಪುಟಗಳು ಮತ್ತು ಅದೇ ನಾಲ್ಕು ಸಲಹೆಗಳನ್ನು ಮಾತು ಬದಲಿಸಿ ಹೇಳುವ ಲೇಖನಗಳು. ಇಲ್ಲಿ 'ಡಿಬೌನ್ಸ್' ಎಂಬ ಒಂದೇ ಇಂಗ್ಲಿಷ್ ಪದವನ್ನು ಕೊಟ್ಟಾಗ, ಸ್ವಿಚ್ಚುಗಳನ್ನು ಕೈಯಾರೆ ಬಿಚ್ಚಿ, ಅಳೆದು, ಕಂಡದ್ದನ್ನು ಬರೆದಿಟ್ಟವರ ಪುಟಗಳು ಮೊದಲ ಸಾಲಿನಲ್ಲೇ ಬಂದವು. ಸ್ವಿಚ್ಚಿನೊಳಗಿನ ಲೋಹದ ತುಂಡುಗಳು ಒಂದನ್ನೊಂದು ಮುಟ್ಟುವಾಗ ತಟ್ಟನೆ ನಿಲ್ಲದೆ ಕೆಲವು ಮಿಲಿಸೆಕೆಂಡುಗಳ ಕಾಲ ಪುಟಿಯುತ್ತವೆ. ಕೀಬೋರ್ಡಿನೊಳಗಿನ ತಂತ್ರಾಂಶ ಆ ಪುಟಿತವನ್ನು ಸೋಸಿ ತೆಗೆಯಬೇಕು. ಇದನ್ನೇ ಡಿಬೌನ್ಸ್ ಎನ್ನುತ್ತಾರೆ. ಸ್ವಿಚ್ಚು ಸವೆದು ಪುಟಿತ ಹೆಚ್ಚಾದರೆ, ಸೋಸಲು ಇಟ್ಟ ಅವಧಿ ಸಾಲದೆ ಒಂದು ಒತ್ತು ಎರಡಾಗಿ ದಾಖಲಾಗುತ್ತದೆ. ಇಷ್ಟನ್ನು ಒಂದೂ ಜಾಹೀರಾತಿಲ್ಲದ, ಅಕ್ಷರಗಳಷ್ಟೇ ಇರುವ ಪುಟವೊಂದು ನನಗೆ ಹತ್ತು ನಿಮಿಷದಲ್ಲಿ ಮನವರಿಕೆ ಮಾಡಿಕೊಟ್ಟಿತು.

ಈ ಸರ್ಚ್ ಎಂಜಿನನ್ನು ಸ್ವೀಡನ್ನಿನ ಒಬ್ಬ ತಂತ್ರಾಂಶ ಅಭಿವೃದ್ಧಿಗಾರರು 2021ರಲ್ಲಿ ಆರಂಭಿಸಿದರು. ಮೊದಲಿಗೆ ಅದು ಅವರ ಮನೆಯಲ್ಲಿದ್ದ ಕಂಪ್ಯೂಟರಿನಿಂದಲೇ ನಡೆಯುತ್ತಿತ್ತು. ಅದರ ಮೂಲ ಸಂಕೇತ ಮುಕ್ತವಾಗಿದೆ. ಮುಕ್ತ ತಂತ್ರಾಂಶಗಳಿಗೆ ನೆರವು ನೀಡುವ ನೆದರ್ಲೆಂಡ್ಸಿನ ಎನ್‌ಎಲ್‌ನೆಟ್ ಪ್ರತಿಷ್ಠಾನದ ಅನುದಾನವೂ ಅದಕ್ಕೆ ದೊರೆತಿದೆ. ಬಳಸಲು ಖಾತೆ ಬೇಕಿಲ್ಲ, ಹಣ ಕೊಡಬೇಕಿಲ್ಲ. ಬರಹ ಹೆಚ್ಚಿರುವ, ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂಗಳಾದ ಸ್ಕ್ರಿಪ್ಟುಗಳು ಕಡಿಮೆಯಿರುವ, ಓದುಗರ ಬೆನ್ನು ಹತ್ತುವ ಜಾಹೀರಾತು ವ್ಯವಸ್ಥೆಯಿಂದ ದೂರವಿರುವ ಪುಟಗಳನ್ನು ಮೇಲಕ್ಕೆ ತರುವುದು ಅದರ ನಿಲುವು. ಸರಳವಾದ ಈ ಒಂದು ನಿಲುವಿನಿಂದಲೇ, ಎಲ್ಲೋ ಹೂತುಹೋಗಿದ್ದ ಸ್ವತಂತ್ರ ತಾಣಗಳು ಕಣ್ಣಿಗೆ ಬೀಳುತ್ತವೆ.

ಇದರಿಂದ ಒಳ್ಳೆಯ ಫಲ ಪಡೆಯಬೇಕಾದರೆ ಹುಡುಕುವ ಅಭ್ಯಾಸವನ್ನೇ ಬದಲಿಸಿಕೊಳ್ಳಬೇಕಾಗುತ್ತದೆ. ನಾವು ಪ್ರಶ್ನೆಯನ್ನು ಇಡಿಯಾಗಿ ಟೈಪ್ ಮಾಡಿ ಉತ್ತರಕ್ಕೆ ಕಾಯುವುದಕ್ಕೆ ಒಗ್ಗಿಹೋಗಿದ್ದೇವೆ. ಇದು ಆ ಬಗೆಯ ಸಾಧನವಲ್ಲ, ಕೊಟ್ಟ ಪದಗಳಿರುವ ಪುಟಗಳನ್ನು ಹುಡುಕುವ ಸಾಧನ. ಆದ್ದರಿಂದ ಆ ವಿಷಯವನ್ನು ಪ್ರೀತಿಸಿ ಬರೆಯುವವರು ತಮ್ಮ ಪುಟದಲ್ಲಿ ಯಾವ ಪದವನ್ನು ಬಳಸಿರುತ್ತಾರೆ ಎಂದು ಯೋಚಿಸಿ ಆ ಪದವನ್ನೇ ಕೊಡಬೇಕು. 'ಉತ್ತಮ ಕೀಬೋರ್ಡ್' ಎನ್ನುವುದು ಕೊಳ್ಳುವವರ ಮಾತು, 'ಡಿಬೌನ್ಸ್' ಎನ್ನುವುದು ಮಾಡುವವರ ಮಾತು. ಈ ವ್ಯತ್ಯಾಸ ಮನಸ್ಸಿಗೆ ಹತ್ತಿದ ದಿನದಿಂದ ನನ್ನ ಹುಡುಕಾಟಗಳು ಬರಿಗೈಯಲ್ಲಿ ಮುಗಿದದ್ದು ಕಡಿಮೆ.

ಆದರೆ ನಾನು ಬಹುವಾಗಿ ಮೆಚ್ಚುವ ಅನುಕೂಲ ಹುಡುಕಾಟದ ಪೆಟ್ಟಿಗೆಯಲ್ಲಿಲ್ಲ. ಪ್ರತಿ ತಾಣಕ್ಕೂ ಒಂದು ಮಾಹಿತಿ ಪುಟವಿದ್ದು, ಯಾರು ಯಾರು ಆ ತಾಣಕ್ಕೆ ಕೊಂಡಿ ಕೊಟ್ಟಿದ್ದಾರೆ, ಅದನ್ನು ಹೋಲುವ ಬೇರೆ ತಾಣಗಳು ಯಾವುವು ಎಂಬುದನ್ನು ಅದು ತೋರಿಸುತ್ತದೆ. ಕೀಲಿಯ ಪುಟಿತದಿಂದ ಹೊರಟ ನಾನು ಹೀಗೆ ಕೊಂಡಿ ಹಿಡಿದು ಸಾಗಿ, ಕೀಲಿ ಒತ್ತಿದ ಕ್ಷಣದಿಂದ ಪರದೆಯಲ್ಲಿ ಅಕ್ಷರ ಮೂಡುವವರೆಗೆ ಎಷ್ಟು ಹೊತ್ತಾಗುತ್ತದೆ ಎಂದು ತಂತ್ರಾಂಶ ಎಂಜಿನಿಯರ್ ಡ್ಯಾನ್ ಲೂ ಅವರು ಹತ್ತಾರು ಯಂತ್ರಗಳ ಮೇಲೆ ಅಳೆದು 2017ರಲ್ಲಿ ಪ್ರಕಟಿಸಿದ ಪುಟವನ್ನು ತಲುಪಿದೆ. ಅಲಂಕಾರವಿಲ್ಲ, ಅಂಚಿನಿಂದ ಅಂಚಿಗೆ ಬರೀ ಬರಹ ಮತ್ತು ಒಂದು ಉದ್ದನೆಯ ಪಟ್ಟಿ. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ನಿಂತಿರುವುದು 1983ರ ಆ್ಯಪಲ್ ಟು-ಇ: 30 ಮಿಲಿಸೆಕೆಂಡು. ಅದಕ್ಕಿಂತ ಸಾವಿರಾರು ಪಟ್ಟು ಶಕ್ತಿಯುಳ್ಳ ಇತ್ತೀಚಿನ ಹಲವು ಯಂತ್ರಗಳು 100 ಮಿಲಿಸೆಕೆಂಡು ದಾಟುತ್ತವೆ.

ಅಲ್ಲಿಂದ ಹಳೆಯ ಯಂತ್ರಗಳ ಕಡೆಗೆ ಮನಸ್ಸು ಹರಿದು ಕೆನ್ ಶಿರಿಫ್ ಅವರ ತಾಣಕ್ಕೆ ಬಂದೆ. ಅವರು ಹಳೆಯ ಚಿಪ್ಪುಗಳನ್ನು ತೆರೆದು, ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು, ಒಂದೊಂದು ಟ್ರಾನ್ಸಿಸ್ಟರ್ ಏನು ಮಾಡುತ್ತದೆಂದು ವಿವರಿಸುತ್ತಾರೆ. ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣವನ್ನು ಲೆಕ್ಕ ಮಾಡಿ ಗಳಿಸುವ 'ಗಣಿಗಾರಿಕೆ'ಯ ಆ ಲೆಕ್ಕವನ್ನು ಅವರು 2014ರಲ್ಲಿ ಕಾಗದ ಪೆನ್ಸಿಲಿನಲ್ಲಿ ಮಾಡಿ ನೋಡಿದಾಗ ಅದರ ಒಂದು ಸುತ್ತಿಗೇ 16 ನಿಮಿಷ 45 ಸೆಕೆಂಡು ಹಿಡಿಯಿತು. ಮರುವರ್ಷ ಅದೇ ಲೆಕ್ಕವನ್ನು 1959ರ ಐಬಿಎಂ 1401 ಯಂತ್ರದ ಮೇಲೆ ಓಡಿಸಿದಾಗ ಹಲವು ಸುತ್ತುಗಳು ಸೇರಿದ ಒಂದು ಪೂರ್ಣ ಲೆಕ್ಕಕ್ಕೆ, ಅಂದರೆ ಒಂದು ಹ್ಯಾಷಿಗೆ, 80 ಸೆಕೆಂಡು ತಗುಲಿತು. ಹಣದ ದೃಷ್ಟಿಯಿಂದ ಇದು ವ್ಯರ್ಥ ಪ್ರಯತ್ನವೆಂದು ಅವರಿಗೂ ಗೊತ್ತು. ಆ ಕ್ರಮವಿಧಿಯ ಒಳಗೆ ಏನು ನಡೆಯುತ್ತದೆ ಎಂಬುದು ಮಾತ್ರ ನನಗೆ ಮೊದಲ ಬಾರಿಗೆ ಅರ್ಥವಾದದ್ದು ಆ ಪುಟವನ್ನು ಓದಿದಾಗಲೇ.

ಫಲಿತಾಂಶಗಳನ್ನು ಬ್ಲಾಗುಗಳು, ಹಳೆಯ ಕಾಲದ ಪುಟಗಳು, ಬರೀ ಪಠ್ಯದ ಪುಟಗಳು ಎಂದು ವಿಂಗಡಿಸಿಕೊಳ್ಳುವ ಸೌಲಭ್ಯವೂ ಇದೆ. ಅಂತರ್ಜಾಲದ ಸಂಸ್ಕೃತಿಯಲ್ಲಿ ಆಸಕ್ತಿಯುಳ್ಳವರಿಗೆ ಹಳೆಯ ಪುಟಗಳ ವಿಭಾಗ ಹೆಚ್ಚು ಹಿಡಿಸೀತು. ಫೋನಿನ ಮೂಲಕ ಬುಲೆಟಿನ್ ಬೋರ್ಡುಗಳೆಂಬ ಚರ್ಚೆಯ ತಾಣಗಳಿಗೆ ಸಂಪರ್ಕಿಸುತ್ತಿದ್ದ ಕಾಲದ ಬರಹಗಳನ್ನು 1998ರಿಂದ ಕೂಡಿಟ್ಟಿರುವ ಟೆಕ್ಸ್ಟ್‌ಫೈಲ್ಸ್ ಡಾಟ್ ಕಾಮ್‌ನಂಥ ಭಂಡಾರಗಳ ರುಚಿ ಹತ್ತಿದವರು ಅಲ್ಲಿಂದ ಬೇಗನೆ ಹೊರಬರುವುದಿಲ್ಲ.

ಮಿತಿಗಳನ್ನೂ ಹೇಳಬೇಕು. ಇದರ ಸೂಚಿ, ಅಂದರೆ ಹುಡುಕಲು ದಾಖಲಿಸಿಟ್ಟ ಪುಟಗಳ ಸಂಗ್ರಹ, ದೊಡ್ಡ ಕಂಪನಿಗಳ ಸೂಚಿಗಿಂತ ಬಹಳ ಚಿಕ್ಕದು. ಇಂದಿನ ಸುದ್ದಿಗಾಗಲಿ, ರೈಲಿನ ಸಮಯಕ್ಕಾಗಲಿ ಇಲ್ಲಿಗೆ ಬರಬಾರದು. ಇದು ಮುಖ್ಯವಾಗಿ ಇಂಗ್ಲಿಷ್ ಬರಹವನ್ನು ಗಮನದಲ್ಲಿಟ್ಟು ಕಟ್ಟಿದ ಸಾಧನವಾದ್ದರಿಂದ ಕನ್ನಡದ ಸ್ವತಂತ್ರ ತಾಣಗಳನ್ನು ಇದರಿಂದ ಹುಡುಕುವ ಆಸೆ ಸದ್ಯಕ್ಕೆ ಬೇಡ. ನನಗೆ ಇದು ನಿಜವಾಗಿಯೂ ನೋವಿನ ಸಂಗತಿ. ಹಳೆಯ ಪುಟಗಳಲ್ಲಿನ ಕೊಂಡಿಗಳು ಸತ್ತಿರುವುದೂ ಉಂಟು. ಅಂಥಲ್ಲಿ ಆ ವಿಳಾಸವನ್ನು, ಹಳೆಯ ಪುಟಗಳ ನಕಲುಗಳನ್ನು ಉಳಿಸಿಡುವ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನಿಗೆ ಕೊಟ್ಟು ನೋಡುವುದು ಒಳ್ಳೆಯದು.

ಇದೇ ಬಗೆಯ ಬೇರೆ ಸೇವೆಗಳಲ್ಲಿ ವಿಬಿ ಇನ್ನೂ ಚಿಕ್ಕದು, ಇನ್ನೂ ಹಳೆಯ ರುಚಿಯದು. ಜನರು ಸೂಚಿಸಿದ ಸರಳ ಪುಟಗಳನ್ನು ಅದು ಸೇರಿಸಿಕೊಳ್ಳುತ್ತದೆ. 2023ರಲ್ಲಿ ಬಂದ ಕಗಿ ಸ್ಮಾಲ್ ವೆಬ್ ವೈಯಕ್ತಿಕ ತಾಣಗಳ ಹೊಸ ಬರಹಗಳನ್ನು ಒಂದೊಂದಾಗಿ ಮುಂದಿಡುತ್ತದೆ. ಏನನ್ನು ಹುಡುಕಬೇಕೆಂದು ತೋಚದ ಸಂಜೆಗೆ ಅದು ಸೂಕ್ತ. 2022ರಲ್ಲಿ ಆರಂಭವಾದ ಊ ಡಾಟ್ ಡೈರೆಕ್ಟರಿ ಬ್ಲಾಗುಗಳನ್ನು ವಿಷಯವಾರು ಜೋಡಿಸಿದೆ. ಒಂದು ನಿರ್ದಿಷ್ಟ ಕುತೂಹಲವನ್ನು ಹಿಡಿದು ಹೊರಡುವವರಿಗೆ ಮಾತ್ರ ನಾನು ಮಾರ್ಜಿನೇಲಿಯಾವನ್ನೇ ಮೊದಲು ಹೇಳುತ್ತೇನೆ.

ಸಿಕ್ಕ ತಾಣ ಉಳಿಸಿಕೊಳ್ಳಲು ಯೋಗ್ಯವೇ ಎಂದು ತಿಳಿಯಲು ನಾನು ಮೂರು ಸಂಗತಿಗಳನ್ನು ನೋಡುತ್ತೇನೆ: ಬರೆದವರು ತಾವೇ ಅಳೆದಿದ್ದಾರೆಯೇ, ತಪ್ಪಾದಲ್ಲಿ ತಿದ್ದುಪಡಿಯನ್ನು ಬಹಿರಂಗವಾಗಿ ನಮೂದಿಸಿದ್ದಾರೆಯೇ, ಇತರರ ಕೆಲಸಕ್ಕೆ ಕೊಂಡಿ ಕೊಟ್ಟಿದ್ದಾರೆಯೇ. ಮೂರೂ ಇದ್ದರೆ ಹೊಸ ಬರಹಗಳನ್ನು ತಿಳಿಸುವ ಅದರ ಫೀಡನ್ನು ಕೂಡಲೇ ಅಂಥ ಫೀಡುಗಳನ್ನು ಒಂದೆಡೆ ತೋರಿಸುವ ಫೀಡ್ ರೀಡರಿಗೆ ಸೇರಿಸಬೇಕು, ಏಕೆಂದರೆ ಇಂಥ ತಾಣಗಳಲ್ಲಿ ಹಲವು ವರ್ಷಕ್ಕೆ ಮೂರೋ ನಾಲ್ಕೋ ಬರಹ ಪ್ರಕಟಿಸುತ್ತವೆ ಮತ್ತು ಅದನ್ನು ನಮಗೆ ತಿಳಿಸಲು ಬೇರಾರೂ ಬರುವುದಿಲ್ಲ.