ಕೈಟ್‌ಬೋರ್ಡಿಂಗ್ ಲೈನ್ ತಗೊಳ್ಳೋರಿಗೆ: ಲಿರೋಸ್ ಡೈನೀಮಾ ಸೆಟ್ ಒಂದು ಸೀಸನ್ ಬಳಸಿದ್ಮೇಲೆ

ಕೈಟ್‌ಬೋರ್ಡಿಂಗ್ ಅಂದ್ರೆ ದೊಡ್ಡ ಗಾಳಿಪಟದ (ಕೈಟ್) ಎಳೆತಕ್ಕೆ ಬೋರ್ಡ್ ಮೇಲೆ ನಿಂತು ನೀರಲ್ಲಿ ಜಾರೋ ಆಟ. ಬಾರ್ (ಕೈಟ್ ತಿರುಗಿಸೋಕೆ ಕೈಯಲ್ಲಿ ಹಿಡಿಯೋ ಕೋಲು) ಜೊತೆ ಬಂದಿದ್ದ ಹಳೇ ಲೈನ್‌ಗಳಲ್ಲಿ ಎಳೆ ಏಳೋಕೆ ಶುರುವಾದ್ಮೇಲೆ ಜರ್ಮನಿಯ ಲಿರೋಸ್ ಕಂಪನಿಯ ಡೈನೀಮಾ (ತುಂಬಾ ಗಟ್ಟಿ ಸಿಂಥೆಟಿಕ್ ನಾರು) ಹಗ್ಗದಲ್ಲಿ ಹೊಲಿದ 4 ಲೈನ್ ಸೆಟ್ ತರಿಸ್ಕೊಂಡೆ, ರಾಮೇಶ್ವರದಲ್ಲಿ ನೈಋತ್ಯ ಗಾಳಿ ಸೀಸನ್ ಪೂರ್ತಿ ಅದ್ರಲ್ಲೇ ಹಾರಿಸಿದೀನಿ, ತುಂಬಾ ಚೆನ್ನಾಗಿದೆ. ಬೆಂಗಳೂರಿಂದ ರಾತ್ರಿ ಹೊರಟು ಪಾಂಬನ್ ಕಡೆ ಹೋಗೋ ನಮ್ಮೋರು ಸಿಕ್ಕಾಗೆಲ್ಲ ಕೈಟ್ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ, ಯಾವ ಸೈಜು, ಯಾವ ವರ್ಷದ ಮಾಡೆಲ್ಲು ಅಂತ, ಆದ್ರೆ ನಮ್ಮನ್ನೂ ಕೈಟನ್ನೂ ಹಿಡಿದಿಟ್ಟಿರೋ ಆ 4 ದಾರದ ಬಗ್ಗೆ ಯಾರೂ ಕೇಳಲ್ಲ. ಅದಕ್ಕೇ ಸ್ವಲ್ಪ ಉದ್ದವಾಗೇ ಬರೀತಿದೀನಿ.

ಲೈನ್ ತಗೊಳ್ಳುವಾಗ ಎಲ್ಲರ ಕಣ್ಣು ಮೊದಲು ಹೋಗೋದು ಪ್ಯಾಕೆಟ್ ಮೇಲಿನ ಕೆಜಿ ನಂಬರ್‌ಗೆ. ಮುಂದಿನ ಲೈನ್ 300 ಕೆಜಿ, ಹಿಂದಿನದು 200 ಕೆಜಿ ಆಸುಪಾಸು ಅಂತ ಇರುತ್ತೆ. ಕೈಟ್ ಎಳೆಯೋದ್ರಲ್ಲಿ ದೊಡ್ಡ ಪಾಲು ಮುಂದಿನ ಎರಡು ಲೈನ್ ಮೂಲಕ ನೇರ ನಮ್ಮ ಸೊಂಟಕ್ಕೆ ಕಟ್ಟಿರೋ ಹಾರ್ನೆಸ್‌ಗೆ ಬರೋದ್ರಿಂದ ಅವು ದಪ್ಪ, ಹಿಂದಿನವು ಬಾರ್‌ನ ಎರಡು ತುದಿಗೆ ಹೋಗಿ ಕೈಟ್ ತಿರುಗಿಸೋ ಕೆಲಸ ಮಾಡ್ತವೆ. ಸರಿ, ಆದ್ರೆ ಆ ನಂಬರ್ ಹೊಸ ಹಗ್ಗದ್ದು, ಗಂಟಿಲ್ಲದೆ ನೇರ ಎಳೆದಾಗಿನದು. ಡೈನೀಮಾ ಮೇಲೆ ಒಂದು ಗಂಟು ಬಿತ್ತು ಅಂದ್ರೆ ಬಲ ಹತ್ತತ್ರ ಅರ್ಧ ಹೋಯ್ತು ಅಂತಾನೇ ಲೆಕ್ಕ, 300 ಇದ್ದಿದ್ದು 150. ಕೈಟ್ ನೀರಿಗೆ ಬಿದ್ದು ಲೈನ್ ಸಡಿಲ ಆದಾಗ ತಾನಾಗೇ ಬೀಳೋ ಪುಟ್ಟ ಗಂಟೂ ಇದೇ ಲೆಕ್ಕಕ್ಕೆ ಬರುತ್ತೆ, ಅದನ್ನ ದಡದಲ್ಲೇ ಬಿಡಿಸಿ ಆಮೇಲೆ ಕೈಟ್ ಎಬ್ಬಿಸಬೇಕು.

ಅದಕ್ಕೆ ನಾನು ನಂಬರ್‌ಗಿಂತ ತುದಿ ನೋಡ್ತೀನಿ. ಒಳ್ಳೇ ಸೆಟ್‌ನಲ್ಲಿ ತುದಿಯ ಕುಣಿಕೆಗೆ ಹಗ್ಗಾನ ಗಂಟು ಹಾಕಿರಲ್ಲ, ಮೇಲೊಂದು ಸ್ಲೀವ್ ತೊಡಿಸಿ ಮಡಚಿ ಒತ್ತೊತ್ತಾಗಿ ಹೊಲಿದಿರ್ತಾರೆ. ನಂದ್ರಲ್ಲಿ ಸೀಸನ್ ಮುಗಿದ್ರೂ ಒಂದು ಹೊಲಿಗೆ ಬಿಟ್ಟಿಲ್ಲ, 4 ತುದೀನೂ ಗಟ್ಟಿಯಾಗಿವೆ.

ಇನ್ನೊಂದು, ನನ್ನ ಪ್ರಕಾರ ಬಲಕ್ಕಿಂತ ದೊಡ್ಡ ವಿಷಯ, ಉದ್ದ ಆಗೋದು. ಡೈನೀಮಾ ರಬ್ಬರ್ ತರ ಹಿಗ್ಗಲ್ಲ, ಆದ್ರೆ ಭಾರ ಬಿದ್ದು ಬಿದ್ದು ನಿಧಾನಕ್ಕೆ ಶಾಶ್ವತವಾಗಿ ಉದ್ದ ಆಗುತ್ತೆ, ಅದೂ ಜಾಸ್ತಿ ಭಾರ ಹೊರೋ ಮುಂದಿನ ಲೈನ್‌ಗಳೇ ಮೊದಲು. ಆಗ ಹಿಂದಿನವು ಗಿಡ್ಡ ಆದಂಗಾಗಿ ಕೈಟ್ ಗಾಳೀಲಿ ಹಿಂದಕ್ಕೆ ಜಗ್ಗಿ ಬ್ಯಾಕ್‌ಸ್ಟಾಲ್ ಆಗಿ ಹಿಮ್ಮುಖ ಬೀಳುತ್ತೆ, ಜನ ಕೈಟೇ ಹಾಳಾಯ್ತು ಅನ್ಕೊಂಡು ಮಾರೋಕೆ ಹೊರಡ್ತಾರೆ! ಡೈನೀಮಾದಲ್ಲೂ ಗ್ರೇಡ್ ಇದೆ, ಎಸ್‌ಕೆ75ಗಿಂತ ಎಸ್‌ಕೆ78 ಕಮ್ಮಿ ಉದ್ದ ಆಗುತ್ತೆ, ಎಸ್‌ಕೆ99 ಇನ್ನೂ ಬಲ ಜಾಸ್ತಿ, ಅದೇ ಬಲಕ್ಕೆ ಇನ್ನೂ ಸಣ್ಣ ಹಗ್ಗ ಸಾಕು. ಕಾರ್ಖಾನೇಲೇ ಬಿಸಿ ಮಾಡಿ ಎಳೆದು ಕೊಟ್ಟಿರೋ ಲೈನ್ ಆದ್ರೆ ಇನ್ನೂ ಒಳ್ಳೇದು. ಇದನ್ನ ಮಾರೋರ ಹತ್ರ ಬಾಯ್ಬಿಟ್ಟು ಕೇಳಿ, ಉತ್ತರ ಬರದಿದ್ರೆ ಮುಂದಿನ ಅಂಗಡಿ.

ನಮ್ ಜೊತೆ ಬರೋ ಒಬ್ರು ಆನ್‌ಲೈನಲ್ಲಿ ಕಂಪನಿ ಹೆಸರೇ ಇಲ್ಲದ ಅಗ್ಗದ ಸೆಟ್ ತರಿಸಿದ್ರು, ಪ್ಯಾಕೆಟ್ ಮೇಲೆ ನಂದಕ್ಕಿಂತ ದೊಡ್ಡ ನಂಬರ್ ಇತ್ತು. ಕೆಲವೇ ವಾರದಲ್ಲಿ ಮುಂದಿನ ಎರಡು ಲೈನ್ ಮಧ್ಯೆನೇ ಒಂದು ಗೇಣಿನ ಹತ್ರ ವ್ಯತ್ಯಾಸ ಬಂತು, ಕೈಟ್ ಸದಾ ಒಂದೇ ಕಡೆ ವಾಲೋದು. ಮುರಿದಿಲ್ಲ, ಆದ್ರೂ ಅದನ್ನ ನಂಬಿ ನೀರಿಗಿಳಿಯೋಕಾಗಲ್ಲ.

ಪರೀಕ್ಷೆ ಮಾಡೋದು ಸುಲಭ. 4 ತುದೀನೂ ಒಂದೇ ಕಂಬಕ್ಕೆ ಸಿಗಿಸಿ, ಟ್ರಿಮ್ (ಮುಂದಿನ ಲೈನ್ ಉದ್ದ ಹೊಂದಿಸೋ ಪಟ್ಟಿ) ಪೂರ್ತಿ ಬಿಟ್ಟು, ಬಾರ್ ಎದೆ ಕಡೆ ಪೂರ್ತಿ ಎಳೆದು ನಿಂತ್ಕೊಳ್ಳಿ, ಬಾರ್ ನೇರ ಇರ್ಬೇಕು, ನಾಲ್ಕೂ ಒಂದೇ ಸಮ ಬಿಗಿ ಇರ್ಬೇಕು. ಒಂದೆರಡು ಸೆಂಟಿಮೀಟರ್ ಆದ್ರೆ ಗಿಡ್ಡ ಇರೋದನ್ನ ಕಂಬಕ್ಕೆ ಹಾಕಿ ಮೈಭಾರ ಬಿಟ್ಟು ಎಳೀರಿ, ಇಲ್ಲಾಂದ್ರೆ ಲೈನ್ ಸಿಗಿಸೋಕೆ ಗಂಟುಗಳಿರೋ ಪುಟ್ಟ ಹಗ್ಗ, ಅಂದ್ರೆ ಪಿಗ್‌ಟೇಲ್‌ನ ಬೇರೆ ಗಂಟಿಗೆ ಬದಲಾಯಿಸಿ. ಹೊಸ ಸೆಟ್‌ಗಂತೂ ಮೊದಲ ಕೆಲವು ಸಲ ಆದ್ಮೇಲೆ ಇದನ್ನ ಮಾಡ್ಲೇಬೇಕು, ನಾನೂ ಮಾಡ್ದೆ, ಆಮೇಲೆ ಸೀಸನ್ ಮುಗಿಯೋವರೆಗೂ ಮತ್ತೆ ಕೈ ಹಾಕೋ ಪ್ರಮೇಯ ಬರಲಿಲ್ಲ.

ಯಾವ ಲೈನ್ ಆದ್ರೂ ಬಿಸಿಗೆ ಹೆದರಬೇಕು. ಡೈನೀಮಾ ತುಕ್ಕು ಹಿಡಿಯಲ್ಲ, ನೀರಲ್ಲಿ ತೇಲುತ್ತೆ, ತೂಕಕ್ಕೆ ತೂಕ ಉಕ್ಕಿಗಿಂತ ಎಷ್ಟೋ ಪಾಲು ಗಟ್ಟಿ, ಆದ್ರೆ 150 ಡಿಗ್ರಿ ಹತ್ರಕ್ಕೇ ಕರಗಿಹೋಗುತ್ತೆ. ಇಬ್ಬರ ಲೈನ್ ಅಡ್ಡಡ್ಡ ಸಿಕ್ಕಿ ಒಂದು ಇನ್ನೊಂದರ ಮೇಲೆ ಜೋರಾಗಿ ಉಜ್ಜಿದ್ರೆ ಕ್ಷಣದಲ್ಲಿ ಕುಯ್ದುಬಿಡುತ್ತೆ, ಗಾಳಿಪಟದ ಜಗಳ ಆಡಿದೋರಿಗೆ ಓಡೋ ದಾರ ನಿಂತ ದಾರಾನ ಕಡಿಯೋದು ಗೊತ್ತಿರುತ್ತೆ, ಇದೂ ಹಂಗೇ, ಮಾಂಜಾ ಬೇಕಿಲ್ಲ ಅಷ್ಟೇ. ಬೆರಳಿಗೆ ಸುತ್ತಿದ್ರೂ ಅದೇ ಗತಿ, ದಯವಿಟ್ಟು ಭಾರ ಇರೋ ಲೈನ್ ಕೈಯಲ್ಲಿ ಹಿಡೀಬೇಡಿ, ಹಾರ್ನೆಸ್‌ನಲ್ಲಿ ಕೊಕ್ಕೆ ಚಾಕು ಸದಾ ಇರಲಿ.

ರಾಮೇಶ್ವರದ ಕಡೆ ಬಳ್ಳಾರಿ ಜಾಲಿ ಮುಳ್ಳು ಎಲ್ಲೆಲ್ಲೂ ಇದೆ, ಲೈನ್ ಹಾಸೋಕೆ ಮುಂಚೆ ಜಾಗ ನೋಡಿ. ಮರಳು ಹೆಣಿಗೆ ಒಳಗೆ ಕೂತು ನಿಧಾನಕ್ಕೆ ಎಳೆ ಕಡಿಯುತ್ತೆ, ಸಂಜೆ ಸಿಹಿನೀರಲ್ಲಿ ತೊಳೀರಿ, ಆಗ್ಲೇ ಪೂರ್ತಿ ಉದ್ದ ಎರಡು ಬೆರಳ ಮಧ್ಯೆ ಓಡಿಸಿದ್ರೆ ಒರಟಾಗಿರೋದು, ಚಪ್ಪಟೆ ಆಗಿರೋದು ಕೈಗೇ ಗೊತ್ತಾಗುತ್ತೆ.

ಬೇಜಾರು ಅಂದ್ರೆ ಬೆಲೆ, ಕಸ್ಟಮ್ಸ್ ಸೇರಿ ಹತ್ರ ಹತ್ರ 20 ಸಾವಿರ ಆಯ್ತು. ಸೆಟ್ ಹೊಲಿದುಕೊಟ್ಟ ಅಂಗಡಿಯೋರು ತುದಿಗೆ ಎಡಬಲದ ಬಣ್ಣ ಹಾಕಿರಲಿಲ್ಲ, ನಾನೇ ಎಡಕ್ಕೆ ಕೆಂಪು ದಾರ ಸುತ್ಕೊಂಡೆ. ಆರ್ಡರ್ ಮಾಡೋ ಮುಂಚೆ ಹಳೇ ಲೈನ್ ಒಂದೊಂದನ್ನೂ ಅಳೆದಿಟ್ಕೊಳ್ಳಿ, ಮುಂದಿನ ಎರಡು ಲೈನ್ ವೈ ಆಕಾರದಲ್ಲಿ ಸೇರೋ ಜಾಗ ಬಾರ್‌ನಿಂದ ಬಾರ್‌ಗೆ ಬೇರೆ ಇರುತ್ತೆ, ಸುಮ್ನೆ 24 ಮೀಟರ್ ಕೊಡಿ ಅಂದ್ರೆ ನಿಮ್ಮ ಬಾರ್‌ಗೆ ಕೂರದೇ ಇರಬಹುದು. ಉದ್ದದಲ್ಲಿ ನನ್ನ ಆಯ್ಕೆ 22 ಮೀಟರ್, ಜೊತೆಗೆ ಬಿಚ್ಚಿ ಹಾಕೋ 2 ಮೀಟರ್ ತುಂಡು: ಗಾಳಿ ಜೋರಿದ್ದಾಗ ಗಿಡ್ಡ ಲೈನಲ್ಲಿ ಕೈಟ್ ಚುರುಕಾಗಿ ತಿರುಗುತ್ತೆ, ಗಾಳಿ ಇಳಿದಾಗ ತುಂಡು ಸೇರಿಸಿದ್ರೆ ಕೈಟ್‌ಗೆ ಓಡೋಕೆ ಜಾಗ ಸಿಕ್ಕಿ ಎಳೆತ ಬರುತ್ತೆ.