ಏದುಸಿರಿಗೆ ತುಟಿ ಉಸಿರು, ಕೈ ಫ್ಯಾನ್, ಹಿಪ್ನಾಸಿಸ್: ನಾಲ್ಕು ತಿಂಗಳು ಮಾಡಿ ನೋಡಿದೆ

ಮುಂಬೈ ಹತ್ತಿರದ ಡೊಂಬಿವಲಿ ಸ್ಟೇಶನ್ನಿನ ಸೇತುವೆ ಕಣ್ಣಿಗೆ ಬಿದ್ದರೆ ಸಾಕು, ನನಗೆ ಏದುಸಿರು ಶುರುವಾಗುತ್ತದೆ. ಇನ್ನೂ ಒಂದು ಮೆಟ್ಟಿಲೂ ಹತ್ತಿರುವುದಿಲ್ಲ. ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗಿ ವರ್ಷಗಟ್ಟಲೆ ಕಾಡುವ ಶ್ವಾಸಕೋಶದ ಕಾಯಿಲೆ, ಇರುವವರಿಗೆ ಇದು ಗೊತ್ತು. ಹೆದರಿದರೆ ಉಸಿರು ಜೋರಾಗುತ್ತದೆ, ಜೋರಾದರೆ ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗಲು ಸಮಯ ಸಿಗದೆ ಎದೆಯಲ್ಲೇ ಉಳಿದುಬಿಡುತ್ತದೆ, ಹೊಸ ಗಾಳಿಗೆ ಜಾಗ ಇಲ್ಲ, ಅದಕ್ಕೆ ಇನ್ನಷ್ಟು ಹೆದರಿಕೆ.

ಇನ್‌ಹೇಲರ್ ಬಿಡದೆ, ಅದರ ಜೊತೆಗೇ ತುಟಿ ಉಸಿರು, ಕೈ ಫ್ಯಾನ್, ಹಿಪ್ನಾಸಿಸ್ ಮೂರನ್ನೂ ಮಾಡಿ ನೋಡಿದೆ. ಪ್ರತಿ ಸಲ ಉಸಿರಿನ ಕಷ್ಟಕ್ಕೆ 0ಯಿಂದ 10ರವರೆಗೆ ಅಂಕ ಹಾಕಿ ಡೈರಿಯಲ್ಲಿ ಬರೆದೆ.

ತುಟಿ ಉಸಿರು ಎಲ್ಲರಿಗೂ ಹೇಳಿಕೊಡುತ್ತಾರೆ. ಮೂಗಿನಲ್ಲಿ ಎಳೆದುಕೊಂಡು, ಬಿಸಿ ಚಹಾ ಊದಿದ ಹಾಗೆ ತುಟಿ ಕೂಡಿಸಿ ನಿಧಾನ ಬಿಡುವುದು. ಮೆಟ್ಟಿಲ ಮಧ್ಯೆ ದಮ್ಮು ಹತ್ತಿದಾಗ ಇದಕ್ಕೆ ಸಮನಾದದ್ದು ಬೇರೆ ಇಲ್ಲ. 7 ಇದ್ದದ್ದು ಎರಡು ಮೂರು ನಿಮಿಷದಲ್ಲಿ 4ಕ್ಕೆ ಬರುತ್ತದೆ. ದಾದರ್ ಫುಟ್‌ಪಾತಿನಲ್ಲಿ ಕೊಂಡ ಬ್ಯಾಟರಿ ಫ್ಯಾನೂ ಒಳ್ಳೆಯದೇ, ಮೂಗು ಕೆನ್ನೆಗೆ ತಂಪು ಗಾಳಿ ತಾಗಿದರೆ ಏದುಸಿರಿನ ಸಂಕಟ ಕಡಿಮೆ ಅನಿಸುತ್ತದೆ. ಆದರೆ ಮುಂಬೈ ಮೇ ತಿಂಗಳ ಬಿಸಿಗಾಳಿಯಲ್ಲಿ ಅಷ್ಟಕ್ಕಷ್ಟೆ.

ಹಿಪ್ನಾಸಿಸ್, ಅಂದರೆ ಮಾತಿನಿಂದಲೇ ಮನಸ್ಸನ್ನು ಒಂದು ಕಡೆ ನಿಲ್ಲಿಸಿ ಸಡಿಲಗೊಳಿಸುವುದು, ಅದರ ವಿಷಯ ಸ್ವಲ್ಪ ಉದ್ದ ಇದೆ. ಮೊದಲು ಹೋದ ಕಡೆ, ಮೂರು ಸೆಶನ್ ಆದಮೇಲೆ ಇನ್‌ಹೇಲರ್ ಬಿಟ್ಟುಬಿಡಬಹುದು ಅಂದರು. ಎದ್ದು ಬಂದೆ. ನೀವೂ ಎದ್ದು ಬನ್ನಿ. ಆಮೇಲೆ ನನ್ನ ಶ್ವಾಸಕೋಶದ ಡಾಕ್ಟರೇ ಮಾಟುಂಗಾದಲ್ಲಿ ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಕಳಿಸಿದರು. ಆಕೆ ಮೊದಲ ದಿನವೇ ಹೇಳಿದರು, ಇದರಿಂದ ಶ್ವಾಸಕೋಶ ಸರಿಹೋಗುವುದಿಲ್ಲ, ಸ್ಪೈರೊಮೆಟ್ರಿಯ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಅಂಕಿ ಬದಲಾಗುವುದಿಲ್ಲ, ಹೆದರಿಕೆ ಇಳಿಯಬಹುದು ಅಂತ. ಆ ಮಾತಿಗೇ ನನಗೆ ನಂಬಿಕೆ ಬಂತು.

ನಿದ್ದೆ ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಹೊರಗಿನ ಲೋಕಲ್ ರೈಲಿನ ಹಾರ್ನ್ ಕೇಳುತ್ತಲೇ ಇತ್ತು. ನಿಮಗೆ ನೆಮ್ಮದಿ ಕೊಡುವ ಜಾಗ ಯಾವುದು ಅಂದರು. ಕುಂದಾಪುರದ ಮನೆಯ ಬಾವಿ ಅಂದೆ. ಅದನ್ನೇ ಹಿಡಿದರು. ಉಸಿರು ಬಿಡುವಾಗ ರಾಟೆಯ ಮೇಲೆ ಹಗ್ಗ ನಿಧಾನ ಇಳಿಯುತ್ತಿದೆ, ಕೊಡ ನೀರು ಮುಟ್ಟುವವರೆಗೆ ಅವಸರ ಇಲ್ಲ. ಆದರೆ ಅವರು ಹೇಳುತ್ತಿದ್ದದ್ದು ಹಿಂದಿಯಲ್ಲಿ. ಅರ್ಥವಾಗುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ನಾಲ್ಕನೇ ಸಲ ಅವರೇ ಹೇಳಿದರು, ಮನೆಯವರ ಹತ್ತಿರ ಕನ್ನಡದಲ್ಲಿ ಓದಿಸಿ ರೆಕಾರ್ಡ್ ಮಾಡಿ. ಹೆಂಡತಿ ಅಡುಗೆಮನೆಯಲ್ಲಿ ಕೂತು ಓದಿದಳು, 15 ನಿಮಿಷ. ಫ್ರಾನ್ಸಿನಲ್ಲಿ ಸಿಒಪಿಡಿ ರೋಗಿಗಳ ಮೇಲೆ ಪ್ರಯೋಗ ಮಾಡಿದಾಗಲೂ 15 ನಿಮಿಷದ ಒಂದೇ ಸೆಶನ್ನಿಗೆ ಆತಂಕ ಇಳಿದಿತ್ತು, ಹಾಗಾಗಿ ಇದು ಕಮ್ಮಿ ಏನಲ್ಲ.

ಆಮೇಲೆ ಡೈರಿಯೇ ಬದಲಾಯಿತು. ಹೊರಡುವ ಮುಂಚೆ ಕೇಳಿಸಿಕೊಂಡ ದಿನ ಸೇತುವೆಯ ಬುಡದಲ್ಲಿ 2 ಅಥವಾ 3, ಕೇಳದ ದಿನ 5. ರಾತ್ರಿ ಎರಡು ಗಂಟೆಗೆ ಬೆಚ್ಚಿ ಎದ್ದಾಗಲಂತೂ ಮೂರರಲ್ಲಿ ಇದೇ ಮೇಲು. ಆದರೆ ದಮ್ಮು ಏರಿಬಿಟ್ಟ ಮೇಲೆ ಬಾವಿಯೂ ನೆನಪಾಗುವುದಿಲ್ಲ, ಹಗ್ಗವೂ ಇಲ್ಲ. ಆಗ ತುಟಿ ಉಸಿರೇ ಗತಿ. ದುಡ್ಡಿನ ಲೆಕ್ಕಕ್ಕೂ ಅದೇ ಗೆಲ್ಲುತ್ತದೆ, ಪುಕ್ಕಟೆ ಅಲ್ವಾ.

ಒಂದು ತಪ್ಪು ಮಾಡಿದೆ, ಅದನ್ನೂ ಹೇಳಬೇಕು. ಜುಲೈ ಮಳೆಯಲ್ಲಿ ಎರಡು ದಿನ ಏದುಸಿರು ಜಾಸ್ತಿಯಾಯಿತು, ಕಫ ಹಸಿರಾಗಿತ್ತು, ನಾನು ಸುಮ್ನೆ ರೆಕಾರ್ಡಿಂಗ್ ಕೇಳುತ್ತ ಮಲಗಿದೆ. ಅದು ಹೆದರಿಕೆ ಆಗಿರಲಿಲ್ಲ, ಸೋಂಕು. ಕಫದ ಬಣ್ಣ ಬದಲಾದರೆ, ಮಾತಾಡಲೂ ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಫೋನ್ ಬದಿಗಿಟ್ಟು ಡಾಕ್ಟರ ಹತ್ತಿರ ಓಡಿ.

ರೆಕಾರ್ಡಿಂಗಿನ ನಡುವೆ ಒಂದು ಕಡೆ ನಮ್ಮ ಕುಕ್ಕರ್ ಸೀಟಿ ಹೊಡೆಯುತ್ತದೆ. ತೆಗೆದು ಮತ್ತೆ ಓದುತ್ತೇನೆ ಅಂದಳು, ಬೇಡ ಅಂದೆ. ಈಗ ಮನೆಯಲ್ಲಿ ಕುಕ್ಕರ್ ಕೂಗಿದರೂ ನನ್ನ ಭುಜ ತಾನಾಗಿ ಸಡಿಲವಾಗುತ್ತದೆ.