ಹೊಸ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ: ಯಾರಿಗೆ ಬೇಕು, ಯಾರಿಗೆ ಬೇಡ

ಮೈಸೂರಿನ ಷೋರೂಮುಗಳಲ್ಲಿ ಹೊಸ ಕಾರಿಗೆ ಕೊಟೇಶನ್ ಕೇಳಿದರೆ ಕೈಗೆ ಬರುವ ಹಾಳೆಯಲ್ಲಿ ಎಕ್ಸ್-ಷೋರೂಮ್ ಬೆಲೆ, ರಸ್ತೆ ತೆರಿಗೆ, ವಿಮೆ, ಫಾಸ್ಟ್ಯಾಗ್, ಆಕ್ಸೆಸರೀಸ್ ಇವುಗಳ ಜೊತೆಗೇ ಎಕ್ಸ್‌ಟೆಂಡೆಡ್ ವಾರಂಟಿ (ಕಂಪನಿಯ ಉಚಿತ ವಾರಂಟಿ ಮುಗಿದ ಮೇಲೂ ಹಣ ಕೊಟ್ಟು ಅದನ್ನು ಮುಂದುವರಿಸಿಕೊಳ್ಳುವ ಯೋಜನೆ) ಎಂಬ ಬಾಬತ್ತು ಸಾಮಾನ್ಯವಾಗಿ ಮೊದಲೇ ಮುದ್ರಿತವಾಗಿರುತ್ತದೆ. ರಸ್ತೆ ತೆರಿಗೆಯನ್ನು ತಪ್ಪಿಸುವಂತಿಲ್ಲ. ಮೂರನೇ ವ್ಯಕ್ತಿಯ ವಿಮೆಯನ್ನು ಹೊಸ ಕಾರಿಗೆ ಒಟ್ಟಿಗೇ ಮೂರು ವರ್ಷಕ್ಕೆ ಪಡೆಯಬೇಕೆಂಬ ನಿಯಮ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಇವೆರಡರ ನಡುವೆ ಸೇರಿಕೊಂಡಿರುವ ವಾರಂಟಿಯ ಬಾಬತ್ತು ಪೂರ್ತಿಯಾಗಿ ಗ್ರಾಹಕನ ಇಚ್ಛೆಗೆ ಬಿಟ್ಟದ್ದು ಎಂಬುದನ್ನು ಹಾಳೆ ನೋಡಿದವರು ಸುಲಭವಾಗಿ ತಿಳಿಯಲಾರರು. ಹತ್ತರಿಂದ ಇಪ್ಪತ್ತು ಲಕ್ಷದೊಳಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ನಮ್ಮ ರಾಜ್ಯದಲ್ಲಿ ಶೇ. 17ರಷ್ಟು ತೆರಿಗೆಯೂ ಅದರ ಮೇಲೆ ಸೆಸ್ಸೂ ಬೀಳುವಾಗ, ಅದರ ಕೆಳಗಿರುವ ಹತ್ತಿಪ್ಪತ್ತು ಸಾವಿರದ ಮೊತ್ತ ಕಣ್ಣಿಗೇ ಬೀಳುವುದಿಲ್ಲ. ಆಯುಧಪೂಜೆಯೊಳಗೆ ಗಾಡಿ ಮನೆಗೆ ಬರಬೇಕೆಂಬ ಅವಸರವೂ ಸೇರಿಕೊಂಡರಂತೂ ಸಹಿ ಮಾಡಿ ಮುಗಿಸೋಣ ಎಂದೇ ಅನ್ನಿಸುತ್ತದೆ.

ನಾನು ಬಳಸುತ್ತಿರುವುದು ಪೆಟ್ರೋಲ್ ಎಂಜಿನ್ನಿನ ಆಟೊಮ್ಯಾಟಿಕ್ ಕಾರು. ಕಂಪನಿಯದೇ ಎಕ್ಸ್‌ಟೆಂಡೆಡ್ ವಾರಂಟಿಯನ್ನು ನಾಲ್ಕು ಮತ್ತು ಐದನೆಯ ವರ್ಷಗಳಿಗಾಗಿ ತೆಗೆದುಕೊಂಡಿದ್ದೆ. ಆ ಅವಧಿ ಈಗ ಮುಗಿದಿದೆ. ನನ್ನ ಮಟ್ಟಿಗೆ ಕೊಟ್ಟ ಹಣಕ್ಕೆ ಅದು ತಕ್ಕುದಾಗಿತ್ತು. ಆದರೆ ನಮ್ಮ ಬಂಧುಬಳಗದಲ್ಲಿ ಹೊಸ ಕಾರು ಕೊಳ್ಳುವ ಎಲ್ಲರಿಗೂ ಇದನ್ನೇ ಹೇಳಲು ನಾನು ಸಿದ್ಧನಿಲ್ಲ. ಯಾವ ಕಾರು, ವರ್ಷಕ್ಕೆ ಎಷ್ಟು ಓಡಾಟ, ಸರ್ವಿಸ್ ಎಲ್ಲಿ ಮಾಡಿಸುತ್ತೀರಿ ಎಂಬ ಮೂರು ವಿಷಯ ತಿಳಿಯದೆ ಇದಕ್ಕೆ ಹೌದು ಎಂದಾಗಲಿ ಬೇಡ ಎಂದಾಗಲಿ ಹೇಳುವುದು ಸರಿಯಲ್ಲ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ‘ಬಂಪರ್ ಟು ಬಂಪರ್’ ಎಂದು ಜನ ಕರೆಯುವುದು ವಿಮೆಯನ್ನು. ಅದು ಅಪಘಾತದ ಹಾನಿಗೆ ಸಂಬಂಧಿಸಿದ್ದು. ವಾರಂಟಿ ನೋಡಿಕೊಳ್ಳುವುದು ಯಾರೂ ಗುದ್ದದೆ, ನೀರು ನುಗ್ಗದೆ, ಇಲಿ ಕಡಿಯದೆ, ಬಿಡಿಭಾಗ ತನ್ನಷ್ಟಕ್ಕೆ ತಾನೇ ಕೆಟ್ಟುಹೋದಾಗ. 2023ರ ಮಾರ್ಚ್‌ನಲ್ಲಿ, ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ವಾರದೊಳಗೇ, ರಾಮನಗರದ ಬಳಿ ಅಂಡರ್‌ಪಾಸಿನಲ್ಲಿ ಮಳೆನೀರು ನಿಂತು ಗಾಡಿಗಳು ಸಿಕ್ಕಿಬಿದ್ದದ್ದು ನಮಗೆಲ್ಲ ನೆನಪಿದೆ. ಅಂಥ ಕಡೆ ಎಂಜಿನ್ನಿಗೆ ನೀರು ಹೊಕ್ಕರೆ ಯಾವ ವಾರಂಟಿಯೂ ನೆರವಿಗೆ ಬರುವುದಿಲ್ಲ. ಅದಕ್ಕೆ ವಿಮೆಯಲ್ಲಿ ‘ಎಂಜಿನ್ ಪ್ರೊಟೆಕ್ಟ್’ ಎಂಬ ಆ್ಯಡ್-ಆನ್ ಇರಬೇಕು. ಕಬ್ಬಿನ ಗದ್ದೆಗೆ ಹೊಂದಿಕೊಂಡ ಮನೆಗಳಲ್ಲಿ ಬಾನೆಟ್ಟಿನೊಳಗೆ ಇಲಿ ಸೇರಿ ವೈರಿಂಗ್ ಕಡಿಯುವುದು ಮಂಡ್ಯದ ಕಡೆ ಹೊಸದಲ್ಲ. ಅದೂ ವಾರಂಟಿಯ ಹೊರಗಿನ ವಿಷಯವೇ. ಈ ಎರಡು ಭಯಗಳಿಗಾಗಿ ಯಾರಾದರೂ ಎಕ್ಸ್‌ಟೆಂಡೆಡ್ ವಾರಂಟಿ ಕೊಳ್ಳಲು ಹೊರಟಿದ್ದರೆ ಆ ಹಣವನ್ನು ವಿಮೆಯ ಕಡೆಗೆ ತಿರುಗಿಸುವುದೇ ಒಳ್ಳೆಯದು.

ಕಂಪನಿಯಿಂದ ಉಚಿತವಾಗಿ ಬರುವ ವಾರಂಟಿ ಎಷ್ಟಿದೆ ಎಂಬುದನ್ನು ಬರವಣಿಗೆಯಲ್ಲಿ ನೋಡಬೇಕು. ಸೇಲ್ಸ್‌ನವರ ಬಾಯಿಮಾತಿನಲ್ಲಿ ಅಲ್ಲ. ಮಾರುತಿ ಸುಜುಕಿಯ ಕಾರುಗಳಿಗೆ ಹಿಂದೆ 2 ವರ್ಷ ಅಥವಾ 40,000 ಕಿ.ಮೀ. ಇದ್ದದ್ದು 2024ರ ಜುಲೈನಿಂದ 3 ವರ್ಷ ಅಥವಾ 1,00,000 ಕಿ.ಮೀ. ಆಯಿತು. ಹಳೆಯ ಲೆಕ್ಕದಲ್ಲಿ ಎಕ್ಸ್‌ಟೆಂಡೆಡ್ ವಾರಂಟಿ ಬಹುತೇಕ ಅನಿವಾರ್ಯವೆನ್ನಿಸುತ್ತಿತ್ತು, ಏಕೆಂದರೆ ಮಂಡ್ಯದಿಂದ ಮೈಸೂರಿಗೆ ದಿನವೂ ಕೆಲಸಕ್ಕೆ ಬರುವವರು ಒಂದೂವರೆ ವರ್ಷದಲ್ಲೇ 40,000 ಕಿ.ಮೀ. ದಾಟಿಬಿಡುತ್ತಿದ್ದರು. ಈಗ ಆ ಒತ್ತಡ ಕಡಿಮೆಯಾಗಿದೆ. ವಿದ್ಯುತ್ ಕಾರುಗಳ ಲೆಕ್ಕವೇ ಬೇರೆ: ಅನೇಕ ವಿದ್ಯುತ್ ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕಂಪನಿಯಿಂದಲೇ ಬರುವುದರಿಂದ, ಅಲ್ಲಿ ಎಕ್ಸ್‌ಟೆಂಡೆಡ್ ವಾರಂಟಿ ಬ್ಯಾಟರಿಯನ್ನು ಬಿಟ್ಟು ಉಳಿದ ಯಾವ ಭಾಗಗಳಿಗೆ ಅನ್ವಯಿಸುತ್ತದೆ ಎಂದು ಕೇಳಬೇಕು.

ವರ್ಷದ ಲೆಕ್ಕಕ್ಕಿಂತ ಕಿ.ಮೀ. ಲೆಕ್ಕದಲ್ಲಿ ಜನ ಹೆಚ್ಚು ಏಮಾರುತ್ತಾರೆ. ಮಂಡ್ಯದಿಂದ ಮೈಸೂರು ಸುಮಾರು 45 ಕಿ.ಮೀ. ಹೋಗಿ ಬರಲು 90. ತಿಂಗಳಿಗೆ 25 ದಿನ ಓಡಾಡಿದರೆ 2,250, ವರ್ಷಕ್ಕೆ 27,000 ಕಿ.ಮೀ. ಐದು ವರ್ಷದ ವಾರಂಟಿಗೆ 1,00,000 ಕಿ.ಮೀ. ಮಿತಿ ಇದ್ದರೆ ಈ ಗಾಡಿಗೆ ಅದು ನಾಲ್ಕನೆಯ ವರ್ಷ ಪೂರ್ತಿಯಾಗುವ ಮೊದಲೇ ಮುಗಿದುಹೋಗುತ್ತದೆ. ಐದನೆಯ ವರ್ಷಕ್ಕೆಂದು ಕೊಟ್ಟ ಹಣಕ್ಕೆ ಏನೂ ಸಿಗುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಕುವೆಂಪುನಗರದಲ್ಲಿರುವ ನಿವೃತ್ತರೊಬ್ಬರು ತರಕಾರಿಗೆ, ದೇವಸ್ಥಾನಕ್ಕೆ, ತಿಂಗಳಿಗೊಮ್ಮೆ ನಂಜನಗೂಡಿಗೆ ಎಂದು ವರ್ಷಕ್ಕೆ ಐದು ಸಾವಿರ ಕಿ.ಮೀ. ಓಡಿಸಿದರೆ ಅವರಿಗೆ ಕಿ.ಮೀ. ಮಿತಿಯ ಚಿಂತೆಯೇ ಇಲ್ಲ, ವರ್ಷಗಳು ಮಾತ್ರ ಮುಖ್ಯ. ‘ಯಾವುದು ಮೊದಲೋ ಅದು’ ಎಂಬ ಷರತ್ತನ್ನು ತಮ್ಮ ಓಡಾಟಕ್ಕೆ ಹಚ್ಚಿ ನೋಡದೆ ಯಾವ ಯೋಜನೆಯನ್ನೂ ಆರಿಸಬಾರದು.

ಇನ್ನು ನನ್ನ ಅನುಭವ. ನಾಲ್ಕನೆಯ ವರ್ಷದ ಬೇಸಿಗೆಯಲ್ಲಿ ಎ.ಸಿ. ಹಾಕಿದೊಡನೆ ಬಾನೆಟ್ಟಿನೊಳಗಿಂದ ಕರಕರ ಎಂಬ ಸದ್ದು ಬರತೊಡಗಿತು, ಎ.ಸಿ. ನಿಲ್ಲಿಸಿದರೆ ಸದ್ದೂ ನಿಲ್ಲುತ್ತಿತ್ತು. ಸರ್ವಿಸ್ ಸೆಂಟರಿನಲ್ಲಿ ಅಡ್ವೈಸರ್ ಆ ಸದ್ದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರು, ಓಡೋಮೀಟರಿನದೂ ಚಾಸಿಸ್ ನಂಬರಿನದೂ ಫೋಟೊ ತೆಗೆದುಕೊಂಡರು, ಹಿಂದಿನ ಸರ್ವಿಸ್‌ಗಳೆಲ್ಲ ಕಾಲಕ್ಕೆ ಸರಿಯಾಗಿ ಆಗಿವೆಯೇ ಎಂದು ಕಂಪ್ಯೂಟರಿನಲ್ಲಿ ನೋಡಿದರು, ಎಲ್ಲವನ್ನೂ ಕಂಪನಿಗೆ ಕಳುಹಿಸಿ ಒಪ್ಪಿಗೆಗಾಗಿ ಕಾದರು. ಒಪ್ಪಿಗೆ ಬಂದ ಮೇಲೆ ಕಂಪ್ರೆಸರ್ ತರಿಸಿ ಹಾಕಿದರು. ಬಿಡಿಭಾಗದ ಬೆಲೆ ಮತ್ತು ಕೂಲಿ ಪೂರ್ತಿ ವಾರಂಟಿಯಲ್ಲಿ ಹೋಯಿತು. ಗ್ಯಾಸು ಮತ್ತು ಕಂಪ್ರೆಸರ್ ಆಯಿಲ್ಲಿಗೆ ಮಾತ್ರ ನಾನು ಹಣ ಕೊಡಬೇಕಾಯಿತು. ಆ ಒಂದು ಎಸ್ಟಿಮೇಟಿನ ಮೊತ್ತವೇ ವಾರಂಟಿಗೆ ನಾನು ಕೊಟ್ಟದ್ದಕ್ಕಿಂತ ಹೆಚ್ಚಿತ್ತು. ಕೊರತೆಯೆಂದರೆ, ಒಪ್ಪಿಗೆ ಮತ್ತು ಬಿಡಿಭಾಗ ಎರಡೂ ಬರುವವರೆಗೆ ಕಾರು ಅವರಲ್ಲೇ ನಿಂತಿತ್ತು, ಬದಲಿ ಗಾಡಿಯ ಏರ್ಪಾಡು ಇರಲಿಲ್ಲ. ದಿನದ ದುಡಿಮೆಗೆ ಕಾರನ್ನೇ ನೆಚ್ಚಿಕೊಂಡವರು ಇದನ್ನು ಮೊದಲೇ ವಿಚಾರಿಸಬೇಕು.

ಅದೇ ಸಮಯದಲ್ಲಿ ಮುಂದಿನ ಚಕ್ರದ ಕಡೆಯಿಂದ ಬರುತ್ತಿದ್ದ ಇನ್ನೊಂದು ಸದ್ದಿಗೆ ಸಸ್ಪೆನ್ಷನ್ ಬುಷ್ ಕಾರಣವೆಂದು ಗೊತ್ತಾಯಿತು. ಅದು ಸವೆಯುವ ವಸ್ತುವೆಂದು ಹೇಳಿ ವಾರಂಟಿ ನಿರಾಕರಿಸಿದರು. ಷರತ್ತಿನ ಪುಟದಲ್ಲಿ ಹಾಗೆಯೇ ಬರೆದಿದ್ದರಿಂದ ನನಗೆ ತಕರಾರಿರಲಿಲ್ಲ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ಬ್ಲೇಡ್, ಬಲ್ಬು, ಫಿಲ್ಟರು, ಆಯಿಲ್, ಟೈರು, ರಬ್ಬರ್ ಸಾಮಾನು ಇವೆಲ್ಲ ಸಾಮಾನ್ಯವಾಗಿ ಹೊರಗೇ ಉಳಿಯುತ್ತವೆ. ಐದು ವರ್ಷದ ಬಳಕೆಯಲ್ಲಿ ಕಾರಿಗೆ ಖಂಡಿತ ಬರುವ ಖರ್ಚುಗಳು ಬಹುಪಾಲು ಇವೇ ಆದ್ದರಿಂದ, ವಾರಂಟಿ ಇದ್ದರೆ ಖರ್ಚೇ ಇರುವುದಿಲ್ಲ ಎಂಬ ಭರವಸೆಯನ್ನು ಯಾರೂ ಇಟ್ಟುಕೊಳ್ಳಬಾರದು. ವಾರಂಟಿ ಇರುವುದು ಬಂದರೂ ಬರಬಹುದು, ಬರದೆಯೂ ಇರಬಹುದು, ಆದರೆ ಬಂದರೆ ಒಮ್ಮೆಗೇ ಕೈ ಸುಡುವಂಥ ಖರ್ಚಿಗೆ: ಆಟೊಮ್ಯಾಟಿಕ್ ಗೇರ್‌ಬಾಕ್ಸು, ಟರ್ಬೊ, ಇಂಜೆಕ್ಟರು, ಸ್ಟೀರಿಂಗಿನ ಮೋಟಾರು, ಬ್ರೇಕಿನ ಎ.ಬಿ.ಎಸ್. ಘಟಕ, ಎಂಜಿನ್ನಿನ ಕಂಪ್ಯೂಟರು, ಡ್ಯಾಷ್‌ಬೋರ್ಡಿನ ದೊಡ್ಡ ಪರದೆ. ಹೊಸ ಕಾರುಗಳಲ್ಲಿ ಇಂಥವು ಹೆಚ್ಚುತ್ತಿವೆ, ಮತ್ತು ಇವುಗಳಲ್ಲಿ ಹಲವನ್ನು ರಿಪೇರಿ ಮಾಡುವ ಬದಲು ಇಡಿಯಾಗಿ ಬದಲಾಯಿಸುವುದೇ ಸರ್ವಿಸ್ ಸೆಂಟರುಗಳ ರೂಢಿ. ಡೀಸೆಲ್ ಕಾರು ಕೊಳ್ಳುವವರಿಗೆ ಒಂದು ಎಚ್ಚರಿಕೆ: ಒಂಟಿಕೊಪ್ಪಲಿನಿಂದ ದೇವರಾಜ ಮಾರುಕಟ್ಟೆಯವರೆಗಿನ ಸಣ್ಣ ಓಡಾಟವನ್ನೇ ಮಾಡುತ್ತಿದ್ದರೆ ಹೊಗೆಕೊಳವೆಯ ಡಿ.ಪಿ.ಎಫ್. ಫಿಲ್ಟರಿನಲ್ಲಿ ಮಸಿ ಕಟ್ಟಿಕೊಳ್ಳುತ್ತದೆ. ಅದು ಸುಟ್ಟು ಹೋಗಬೇಕಾದರೆ ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಬೇಕು. ಹಾಗೆ ಓಡಿಸದೆ ಫಿಲ್ಟರ್ ಕಟ್ಟಿಕೊಂಡರೆ ಅದು ತಯಾರಿಕೆಯ ದೋಷವಲ್ಲ, ಬಳಕೆಯ ದೋಷ ಎಂದು ಕ್ಲೇಮ್ ತಳ್ಳಿಹಾಕುವ ಸಾಧ್ಯತೆ ಇದೆ.

ಈ ವಾರಂಟಿಯ ನಿಜವಾದ ಬೆಲೆ ಕೊಟೇಶನ್ನಿನಲ್ಲಿ ಬರೆದಷ್ಟೇ ಅಲ್ಲ ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಸಂಗತಿ. ಅವಧಿ ಮುಗಿಯುವವರೆಗೆ ಪ್ರತಿಯೊಂದು ಸರ್ವಿಸನ್ನೂ ಕಂಪನಿಯ ಅಧಿಕೃತ ಸೆಂಟರಿನಲ್ಲೇ, ಹೇಳಿದ ಕಾಲಕ್ಕೆ ಅಥವಾ ಹೇಳಿದ ಕಿ.ಮೀ.ಗೆ ಮಾಡಿಸಬೇಕು, ಒಂದು ತಪ್ಪಿದರೂ ಕ್ಲೇಮ್ ತಿರಸ್ಕರಿಸಲು ಅದೇ ಕಾರಣವಾಗಬಹುದು. ಉಚಿತ ವಾರಂಟಿ ಮುಗಿದ ಮೇಲೆ ಮೈಸೂರಿನಲ್ಲಿ ಬಹಳಷ್ಟು ಜನ ಬನ್ನಿಮಂಟಪದ ಕಡೆಯ ಗ್ಯಾರೇಜಿಗೋ ತಮ್ಮ ಬಡಾವಣೆಯ ನಂಬಿಕೆಯ ಮೆಕ್ಯಾನಿಕ್ ಬಳಿಗೋ ಹೋಗುತ್ತಾರೆ, ಅಲ್ಲಿ ಅದೇ ಆಯಿಲ್ ಸರ್ವಿಸ್ ಕಡಿಮೆ ಹಣದಲ್ಲಿ ಆಗುತ್ತದೆ. ಎಕ್ಸ್‌ಟೆಂಡೆಡ್ ವಾರಂಟಿ ಕೊಂಡವರಿಗೆ ಆ ದಾರಿ ಇನ್ನೆರಡು ವರ್ಷ ಮುಚ್ಚಿದಂತೆ. ಹಾಗಾಗಿ ಸರ್ವಿಸ್ ಖರ್ಚಿನಲ್ಲಿ ಆಗುವ ವ್ಯತ್ಯಾಸವನ್ನೂ ವಾರಂಟಿಯ ಬೆಲೆಗೆ ಕೂಡಿಸಿಯೇ ಲಾಭನಷ್ಟ ನೋಡಬೇಕು. ಹೇಗಿದ್ದರೂ ಅಧಿಕೃತ ಸೆಂಟರಿಗೇ ಹೋಗುತ್ತೇವೆ ಎನ್ನುವವರಿಗೆ ಈ ಹೆಚ್ಚುವರಿ ಹೊರೆ ಇಲ್ಲ. ನಾನು ಆ ಗುಂಪಿನವನು, ಅದಕ್ಕೇ ನನಗೆ ಲೆಕ್ಕ ಹೊಂದಿಕೊಂಡಿತು.

ಪಾಂಡವಪುರದ ನಮ್ಮ ಭಾವ ಇದೇ ಕಾರಣಕ್ಕೆ ಬೇಡವೆಂದರು. ಅವರದು ಟರ್ಬೊ ಇಲ್ಲದ, ಕೈ ಗೇರಿನ ಸಣ್ಣ ಪೆಟ್ರೋಲ್ ಕಾರು. “ನಮ್ಮೂರ ಮೆಕ್ಯಾನಿಕ್ ಕೈಗೆ ಸಿಗದ ಯಾವ ಪಾರ್ಟೂ ಇದರಲ್ಲಿಲ್ಲ ಕಣಪ್ಪ. ಸುಮ್ಮನೆ ಇನ್ನೆರಡು ವರ್ಷ ಮೈಸೂರಿಗೇ ಯಾಕೆ ಗಾಡಿ ಹೊಡ್ಕೊಂಡು ಬರ್ಬೇಕು?” ಎಂದು ಕೇಳಿದರು. ನಾನು ಒಪ್ಪಿದೆ. ಸರ್ವಿಸಿಗಾಗಿ ಒಂದು ಇಡೀ ದಿನ ಗದ್ದೆ ಕೆಲಸ ಬಿಟ್ಟು ಬರುವವರಿಗೆ ಆ ದಿನದ ನಷ್ಟವೂ ಲೆಕ್ಕಕ್ಕೆ ಸೇರಬೇಕು. ಅಂಥ ಸರಳ ಕಾರಿಗೆ ವಾರಂಟಿಯ ಹಣವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟು, ದೊಡ್ಡ ರಿಪೇರಿ ಬಂದರೆ ಅದರಿಂದ ತೆಗೆಯುವುದೇ ಜಾಣತನ.

ಕೊಳ್ಳುವುದೆಂದು ನಿರ್ಧರಿಸಿದವರು ಗಾಡಿ ಬುಕ್ ಮಾಡಿದ ದಿನವೇ ಕೊಳ್ಳಬೇಕಾಗಿಲ್ಲ. ಉಚಿತ ವಾರಂಟಿ ಜೀವಂತವಿರುವವರೆಗೆ ಕೊಳ್ಳಲು ಅನೇಕ ಕಂಪನಿಗಳು ಅವಕಾಶ ಕೊಡುತ್ತವೆ. ಆದರೆ ತಡವಾದಷ್ಟೂ ಬೆಲೆ ಹಂತಹಂತವಾಗಿ ಏರುತ್ತದೆ. ಯಾವ ತಾರೀಕಿಗೆ ಬೆಲೆ ಏರುತ್ತದೆ ಎಂಬುದನ್ನು ಬರೆಸಿಕೊಂಡು, ಆ ಮೊದಲ ಹಂತ ಮುಗಿಯುವುದರೊಳಗೆ ಮನೆಯಲ್ಲಿ ಕುಳಿತು ಷರತ್ತು ಓದಿ ತೀರ್ಮಾನಿಸುವುದು ಒಳ್ಳೆಯದು. ಹೇಳಿದ ಬೆಲೆಯಲ್ಲಿ ಜಿ.ಎಸ್.ಟಿ. ಸೇರಿದೆಯೇ ಎಂದೂ ಕೇಳಬೇಕು: 15,000 ಎಂದದ್ದು ಶೇ. 18 ತೆರಿಗೆ ಸೇರಿ 17,700 ಆಗುತ್ತದೆ. ಈ ಮೊತ್ತವನ್ನು ಕಾರಿನ ಸಾಲಕ್ಕೆ ಸೇರಿಸಲು ನಾನು ಯಾರಿಗೂ ಹೇಳುವುದಿಲ್ಲ. ರಕ್ಷಣೆ ಶುರುವಾಗುವುದೇ ನಾಲ್ಕನೆಯ ವರ್ಷ. ಬಡ್ಡಿ ಮಾತ್ರ ಮೊದಲ ತಿಂಗಳಿಂದಲೇ ಓಡುತ್ತದೆ.

ಸರ್ಟಿಫಿಕೇಟಿನ ಮೇಲೆ ಯಾರ ಹೆಸರಿದೆ ಎಂಬುದನ್ನು ಹಣ ಕೊಡುವ ಮೊದಲೇ ನೋಡಬೇಕು. ಕಾರು ತಯಾರಿಸಿದ ಕಂಪನಿಯ ಹೆಸರಿದ್ದರೆ ದೇಶದ ಯಾವ ಅಧಿಕೃತ ಸೆಂಟರಿನಲ್ಲಿ ಬೇಕಾದರೂ ಕ್ಲೇಮ್ ಕೇಳಬಹುದು. ಡೀಲರಿನದೋ ಬೇರೊಂದು ಸಂಸ್ಥೆಯದೋ ಆಗಿದ್ದರೆ, ಕೊಡಗಿನ ಘಾಟಿಯಲ್ಲಿ ಗಾಡಿ ನಿಂತಾಗ ಅದು ಅಲ್ಲಿ ನಡೆಯುತ್ತದೆಯೇ ಎಂದು ಈಗಲೇ ಕೇಳಿ ಬರವಣಿಗೆಯಲ್ಲಿ ಪಡೆಯಬೇಕು. ಬಣ್ಣಬಣ್ಣದ ಕರಪತ್ರ ಸಾಲದು. ‘ಏನೇನು ಸೇರಿಲ್ಲ’ ಎಂಬ ಪುಟವೇ ಕೈಗೆ ಬರಬೇಕು.

ಹೊರಗಿನ ಅಂಗಡಿಯಲ್ಲಿ ವೈರ್ ಕತ್ತರಿಸಿ ಲೈಟು, ಕ್ಯಾಮೆರಾ, ಸ್ಪೀಕರು ಹಾಕಿಸುವ ಅಭ್ಯಾಸವನ್ನೂ ವಾರಂಟಿ ಇರುವವರೆಗೆ ಬಿಡಬೇಕು. ನಮ್ಮ ಪರಿಚಯದವರೊಬ್ಬರ ಕಾರಿನಲ್ಲಿ ಡ್ಯಾಷ್‌ಬೋರ್ಡಿನ ಪರದೆ ಕತ್ತಲಾದಾಗ, ಹಿಂದಿನ ಕ್ಯಾಮೆರಾವನ್ನು ಹೊರಗೆ ಹಾಕಿಸಿದ್ದೇ ಕಾರಣವೆಂದು ಸರ್ವಿಸ್ ಸೆಂಟರಿನವರು ಕೌಂಟರಿನಲ್ಲೇ ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರು. ಅಂಥ ಉತ್ತರಕ್ಕೆ ತಲೆಯಾಡಿಸಿ ಮನೆಗೆ ಬರಬಾರದು. ದೂರನ್ನು ಜಾಬ್ ಕಾರ್ಡಿನಲ್ಲಿ, ಅಂದರೆ ಕಾರು ಒಪ್ಪಿಸುವಾಗ ಸರ್ವಿಸ್ ಸೆಂಟರಿನವರು ಕೆಲಸದ ವಿವರ ಬರೆಯುವ ಹಾಳೆಯಲ್ಲಿ, ಬರೆಸಬೇಕು, ನಿರಾಕರಣೆಯ ಕಾರಣವನ್ನು ಮತ್ತು ಅದು ಯಾವ ಷರತ್ತಿನ ಪ್ರಕಾರ ಎಂಬುದನ್ನು ಇ-ಮೇಲಿನಲ್ಲಿ ಕೇಳಬೇಕು. ಅಲ್ಲಿಗೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮೈಸೂರು, ಮಂಡ್ಯ ಎರಡೂ ಕಡೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಗಳಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ಆದರೆ ಅಲ್ಲಿ ನಿಲ್ಲುವುದು ಕಾಗದ ಮಾತ್ರ. ಆದ್ದರಿಂದ ಪ್ರತಿ ಸರ್ವಿಸಿನ ಬಿಲ್ಲು, ಜಾಬ್ ಕಾರ್ಡು, ವಾರಂಟಿ ಸರ್ಟಿಫಿಕೇಟು ಇಷ್ಟನ್ನೂ ಒಂದೇ ಫೈಲಿನಲ್ಲಿ ಜೋಡಿಸಿಡಬೇಕು. ಅವಧಿ ಮುಗಿಯುವ ಮುನ್ನ ಕಾರು ಮಾರಿದರೆ, ಉಳಿದ ವಾರಂಟಿಯನ್ನು ಹೊಸ ಮಾಲೀಕರ ಹೆಸರಿಗೆ ವರ್ಗಾಯಿಸಿಕೊಡುವ ಸೌಲಭ್ಯ ಹಲವು ಯೋಜನೆಗಳಲ್ಲಿದೆ. ಆಗ ಅದೇ ಫೈಲನ್ನು ಕೊಳ್ಳುವವರ ಮುಂದಿಟ್ಟು ಒಳ್ಳೆಯ ಬೆಲೆಯನ್ನೇ ಕೇಳಬಹುದು.